ಮುಳುಗಡೆಯ ದಂಡೆಯ ಮೇಲೊಂದು ಉದ್ಯಾನ

ವಿಜಯಪುರ ಜಿಲ್ಲೆಯ ನಿಡಗುಂದಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಕಟ್ಟಿರುವ ಅಣೆಕಟ್ಟೆ, ಅದರ ಮಗ್ಗುಲಲ್ಲಿ ಬೆಳೆದಿರುವ ಉದ್ಯಾನಗಳು ಮತ್ತು ಅದರ ಬೆನ್ನಿಗೆ ಹರಡಿರುವ ಹಿನ್ನೀರು ಇಂದು ಉತ್ತರ ಕರ್ನಾಟಕದ ಶಾಲಾ ಪ್ರವಾಸಗಳಿಗೂ ಕುಟುಂಬಗಳ ರಜಾ ದಿನಗಳಿಗೂ ತೀರ ಪರಿಚಿತವಾದ ತಾಣಗಳು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು, ರಾಕ್ ಗಾರ್ಡನ್ ಸುತ್ತಿ, ಮೊಘಲ್ ಉದ್ಯಾನದ ಹಾಸುಹುಲ್ಲಿನ ಮೇಲೆ ಕುಳಿತು, ಕತ್ತಲಾದ ಮೇಲೆ ಸಂಗೀತ ಕಾರಂಜಿಯನ್ನು ನೋಡಿ ಊರಿಗೆ ಮರಳುವ ಜನರಿಗೆ ಇಲ್ಲಿ ಒಂದು ದಿನದ ಸಂತೋಷ ನಿಶ್ಚಯವಾಗಿ ಸಿಗುತ್ತದೆ. ಆದರೆ ಅದೇ ನೆಲದಲ್ಲಿ ನೂರು ಕೋಟಿ ವರ್ಷಕ್ಕೂ ಹಿಂದಿನ ಕಲ್ಲಿನ ಕಥೆ, ಸಹ್ಯಾದ್ರಿಯಿಂದ ಹರಿದುಬಂದ ನದಿಯ ಕಥೆ, ನೀರಿನಡಿ ಹೋದ ಹಳ್ಳಿಗಳ ಕಥೆ ಮತ್ತು ಆ ನೀರನ್ನು ನಂಬಿ ದೂರದೇಶಗಳಿಂದ ಬರುವ ಹಕ್ಕಿಗಳ ಕಥೆ ಒಂದರ ಮೇಲೊಂದು ಪದರಾಗಿ ಕುಳಿತಿವೆ. ಈ ನಾಲ್ಕನ್ನೂ ಕೂಡಿಸಿ ಓದಿದರೆ ಆಲಮಟ್ಟಿಯ ಭೇಟಿ ಪೂರ್ಣವಾಗುತ್ತದೆ. ಹಾಗೆ ಓದಲು ಬೇಕಾದ ಅಕ್ಷರಗಳನ್ನು ಉದ್ಯಾನವೇ ತನ್ನ ಹಾದಿಗಳಲ್ಲಿ ಒದಗಿಸಬೇಕೆಂಬುದು ಈ ಬರಹದ ಆಶಯ.

ನಿಡಗುಂದಿ 2018ರಲ್ಲಿ ಬಸವನ ಬಾಗೇವಾಡಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾಯಿತು. ವಿಜಯಪುರದಿಂದ ಹೊಸಪೇಟೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಈ ಊರಿನ ಮೂಲಕವೇ ಹಾದು ಕೃಷ್ಣೆಯನ್ನು ದಾಟುತ್ತದೆ. ಆಲಮಟ್ಟಿಗೆ ರೈಲಿನ ನಂಟು ಇನ್ನೂ ಹಳೆಯದು: ಸದರ್ನ್ ಮರಾಠಾ ರೈಲ್ವೆ ಕಂಪನಿಯು 1880ರ ದಶಕದಲ್ಲಿ ಸೊಲ್ಲಾಪುರ ಸಮೀಪದ ಹೋಟಗಿಯಿಂದ ಗದಗಿನವರೆಗೆ ಹಾಕಿದ ಮೀಟರ್‌ಗೇಜ್ ಹಳಿ ಇಲ್ಲಿಯೇ ಹೊಳೆಯನ್ನು ದಾಟಿದ್ದರಿಂದ, ಅಣೆಕಟ್ಟೆಗೆ ಎಂಟು ದಶಕ ಮೊದಲೇ ಆಲಮಟ್ಟಿ ಒಂದು ನಿಲ್ದಾಣದ ಹೆಸರಾಗಿ ಜನರ ಬಾಯಲ್ಲಿತ್ತು. ಈಗ ನದಿಯ ಉತ್ತರ ದಂಡೆ ವಿಜಯಪುರ ಜಿಲ್ಲೆಗೂ ದಕ್ಷಿಣ ದಂಡೆ ಬಾಗಲಕೋಟೆ ಜಿಲ್ಲೆಗೂ ಸೇರಿವೆಯಾದರೂ, 1997ರವರೆಗೆ ಎರಡೂ ಒಂದೇ ಜಿಲ್ಲೆಯಾಗಿದ್ದವು. ಎರಡೂ ದಂಡೆಗಳ ಮಾತು, ಊಟ, ಬೀಗತನಗಳು ಇಂದಿಗೂ ಒಂದೇ ಆಗಿರುವುದಕ್ಕೆ ಇದು ಕಾರಣವೆನ್ನುವುದಕ್ಕಿಂತ, ಆ ಒಂದೇತನ ಜಿಲ್ಲೆಗಳ ಗಡಿಗಿಂತ ಬಹಳ ಹಳೆಯದು ಎನ್ನುವುದು ಸರಿ.

ಈ ಸೀಮೆಯ ನೆಲವನ್ನು ಅರಿಯಲು ಮೊದಲು ಅದರ ಮಣ್ಣಿನ ಬಣ್ಣವನ್ನು ಗಮನಿಸಬೇಕು. ನಿಡಗುಂದಿಯಿಂದ ಉತ್ತರಕ್ಕೆ, ಬಸವನ ಬಾಗೇವಾಡಿ ಮತ್ತು ವಿಜಯಪುರಗಳ ಕಡೆಗೆ ಹೋದಂತೆ ಎರೆಭೂಮಿ, ಅಂದರೆ ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ ಕಪ್ಪು ಮಣ್ಣು ಹರಡಿಕೊಂಡಿದೆ. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿಗಳು ಮಳೆ ನಿಂತ ಮೇಲೂ ಬರಿಯ ಇಬ್ಬನಿ ಮತ್ತು ನೆಲದೊಳಗಿನ ತೇವದ ಮೇಲೆ ಬೆಳೆಯುವುದು ಈ ಮಣ್ಣಿನ ಗುಣದಿಂದ. ಆ ಮಣ್ಣು ಹುಟ್ಟಿದ್ದು ಬಸಾಲ್ಟ್ ಎಂಬ ಕಪ್ಪು ಕಲ್ಲು ಶಿಥಿಲವಾಗಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಈ ಶಿಲಾಸಮೂಹವನ್ನು ಭೂವಿಜ್ಞಾನಿಗಳು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಮಹಾರಾಷ್ಟ್ರದ ಬಹುಭಾಗವನ್ನು ಮುಚ್ಚಿರುವ ಈ ಕಲ್ಲುಹೊದಿಕೆಯ ದಕ್ಷಿಣದ ಸೆರಗು ಬಂದು ಮುಗಿಯುವುದು ಕೃಷ್ಣೆಯ ಈ ಆಸುಪಾಸಿನಲ್ಲಿಯೇ.

ನದಿಯನ್ನು ದಾಟಿ ಬಾಗಲಕೋಟೆಯ ಕಡೆಗೆ ತಿರುಗಿದರೆ ನೆಲದ ಬಣ್ಣವೂ ಗುಡ್ಡಗಳ ಆಕಾರವೂ ಬದಲಾಗುತ್ತವೆ. ಅಲ್ಲಿರುವುದು ಮರಳುಗಲ್ಲು, ಅದೇ ಮರಳುಗಲ್ಲು ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಬೆಣಚುಶಿಲೆ, ಮತ್ತು ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗಳಿಗೆ ಆಧಾರವಾದ ಸುಣ್ಣಕಲ್ಲು. ಇವೆಲ್ಲ ಒಂದು ಪುರಾತನ ಜಲಪ್ರದೇಶದ ತಳದಲ್ಲಿ ಕೆಸರೂ ಮರಳೂ ಬಿದ್ದು ಬಿದ್ದು ಕಲ್ಲಾದವು. ಇವುಗಳಲ್ಲಿ ಹಳೆಯ ಪದರಗಳ ವಯಸ್ಸು ನೂರು ಕೋಟಿ ವರ್ಷಗಳನ್ನು ಮೀರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ಅವರು ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಶಿಲೆಗಳಿಗೆ, ಆಗ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿ ಊರಿನ ಹೆಸರನ್ನೇ ಇಟ್ಟರು; ಇಂದಿಗೂ ಭೂವಿಜ್ಞಾನದ ಪುಸ್ತಕಗಳಲ್ಲಿ ಅವು ಕಲಾದಗಿ ಶಿಲೆಗಳೆಂದೇ ಪ್ರಸಿದ್ಧವಾಗಿವೆ. ಈ ಎರಡು ಸಮೂಹಗಳ ಅಡಿಯಲ್ಲಿ, ಎರಡಕ್ಕಿಂತಲೂ ಹಳೆಯದಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬುನಾದಿ ಇದೆ.

ಕಲಾದಗಿ ಸೀಮೆಯ ಮರಳುಗಲ್ಲಿನ ಒಂದು ಚಪ್ಪಡಿಯನ್ನು ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ಸಾಲಾಗಿ, ಬೆರಳಗಲದ ಅಂತರದಲ್ಲಿ ಏರಿಳಿಯುವ ಗೆರೆಗಳು ಕಾಣುವುದುಂಟು. ಇವುಗಳನ್ನು ಅಲೆಗುರುತು ಎನ್ನುತ್ತಾರೆ. ತಿಳಿನೀರು ತೆಳುವಾಗಿ ಹರಿಯುವ ಹೊಳೆಯ ಅಂಚಿನಲ್ಲಿ ಬರಿಗಾಲಿಟ್ಟಾಗ ಪಾದಕ್ಕೆ ತಾಗುವ ಮರಳಿನ ಸಣ್ಣ ಏರಿಳಿತಗಳು ಹೇಗಿರುತ್ತವೆಯೋ ಹಾಗೆಯೇ ಇವೂ ಇವೆ. ಒಮ್ಮೆ ನೀರಿನ ಒಲೆತಕ್ಕೆ ಮೂಡಿದ ಆ ಗೆರೆಗಳ ಮೇಲೆ ಇನ್ನೊಂದು ಪದರ ಮರಳು ಮೆಲ್ಲಗೆ ಬಿದ್ದು ಮುಚ್ಚಿದ್ದರಿಂದ ಅವು ಅಳಿಯದೆ ಕಲ್ಲಾಗಿ ಉಳಿದವು. ಮೀನಾಗಲಿ ಹಕ್ಕಿಯಾಗಲಿ ಭೂಮಿಯ ಮೇಲೆ ಇನ್ನೂ ಇರದಿದ್ದ ಕಾಲದ ಒಂದು ದಿನದ ನೀರಿನ ಅಲುಗಾಟವನ್ನು ಇಂದು ಬೆರಳಿನಿಂದ ಸವರಿ ನೋಡಬಹುದೆಂಬುದು ಯಾವ ಮಗುವನ್ನಾದರೂ ಬೆರಗುಗೊಳಿಸುವ ಸಂಗತಿ. ಇದೇ ಬೆಣಚುಶಿಲೆಯ ಉಂಡೆಗಲ್ಲುಗಳನ್ನು ಒಡೆದು ಹಳೆ ಶಿಲಾಯುಗದ ಮನುಷ್ಯರು ಕೈಕೊಡಲಿಗಳನ್ನು ಮಾಡಿಕೊಂಡರು. ಘಟಪ್ರಭಾ ದಂಡೆಯ ಅನಗವಾಡಿಯಲ್ಲಿ ಪುರಾತತ್ತ್ವಜ್ಞರಿಗೆ ದೊರೆತ ಅಂಥ ಆಯುಧಗಳು ಈ ನದಿಗಳ ದಂಡೆಯಲ್ಲಿ ಮನುಷ್ಯವಾಸ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿಯಾಗಿವೆ.

ಕೃಷ್ಣೆಯು ಮಹಾರಾಷ್ಟ್ರದ ಮಹಾಬಳೇಶ್ವರದ ಬಳಿ ಹುಟ್ಟಿ, ಕೊಯ್ನಾ ಮೊದಲಾದ ನದಿಗಳನ್ನು ಕೂಡಿಕೊಂಡು ಕರ್ನಾಟಕವನ್ನು ಪ್ರವೇಶಿಸುತ್ತದೆ. ಆಲಮಟ್ಟಿಗಿಂತ ಮೇಲೆ ಚಿಕ್ಕಸಂಗಮದಲ್ಲಿ ಘಟಪ್ರಭೆಯೂ, ಕೆಳಗೆ ಕೂಡಲಸಂಗಮದಲ್ಲಿ ಮಲಪ್ರಭೆಯೂ ಅದನ್ನು ಸೇರುತ್ತವೆ. ಎರೆನಾಡಿನ ಮಳೆ ಕಡಿಮೆ ಮತ್ತು ಅನಿಶ್ಚಿತ. ಆದರೆ ಹೊಳೆಯಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹರಿಯುವ ನೀರು ಸಹ್ಯಾದ್ರಿಯ ಮಳೆಯದಾದ್ದರಿಂದ, ಇಲ್ಲಿ ಮೋಡವೇ ಇಲ್ಲದ ದಿನವೂ ಮಹಾಪೂರ ಬರಬಹುದು. ಹೊಲ ಒಣಗುತ್ತಿರುವಾಗಲೇ ಹೊಳೆ ತುಂಬಿ ಹರಿದುಹೋಗುವ ಈ ವೈಪರೀತ್ಯವೇ ಅಣೆಕಟ್ಟೆಯ ಕನಸಿಗೆ ಮೂಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಇಲ್ಲಿ ಅಡಿಗಲ್ಲಿಟ್ಟರು. ಐದು ದಿನಗಳ ನಂತರ ಜವಾಹರಲಾಲ್ ನೆಹರೂ ತೀರಿಕೊಂಡರು, ಮರುತಿಂಗಳು ಶಾಸ್ತ್ರಿಯವರು ಪ್ರಧಾನಮಂತ್ರಿಯಾದರು. ಜಲಾಶಯಕ್ಕೆ ಅವರದೇ ಹೆಸರು ಬಂದಿತು. ಆದರೆ ಕೆಲಸ ಮುಗಿಯಲು ನಾಲ್ಕು ದಶಕಗಳೇ ಬೇಕಾದವು: ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ಚುರುಕುಗೊಳಿಸಲು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪನೆಯಾಯಿತು, ಮತ್ತು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅಣೆಕಟ್ಟೆಯನ್ನು ಲೋಕಾರ್ಪಣೆ ಮಾಡಿದರು.

ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಈ ಕಟ್ಟೆಯ ಹಿಂದೆ, ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್ ತಲುಪಿದಾಗ, 123.08 ಟಿಎಂಸಿ ನೀರು ನಿಲ್ಲುತ್ತದೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮೀಟರಿನ ಲೆಕ್ಕದಲ್ಲಿ ಒಂದು ಟಿಎಂಸಿಯು ಸುಮಾರು 2.83 ಕೋಟಿ ಘನ ಮೀಟರಿಗೆ ಸಮ. ಅಣೆಕಟ್ಟೆಯಡಿಯ ವಿದ್ಯುದಾಗಾರದಲ್ಲಿ 55 ಮೆಗಾವ್ಯಾಟಿನ ಐದು ಮತ್ತು 15 ಮೆಗಾವ್ಯಾಟಿನ ಒಂದು ಘಟಕ ಸೇರಿ 290 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುವ ಸಾಮರ್ಥ್ಯವಿದೆ. ಒಳಹರಿವು ಸಾಧಾರಣವಾಗಿದ್ದಾಗ ನೀರು ಈ ಘಟಕಗಳ ಮೂಲಕವೇ ಕೆಳಗಿನ ನಾರಾಯಣಪುರದ ಬಸವಸಾಗರಕ್ಕೆ ಇಳಿಯುತ್ತದೆ. ಪೂರ ಬಂದಾಗ ಮಾತ್ರ ಗೇಟುಗಳು ಏಳುತ್ತವೆ. ಅಂಥ 26 ಗೇಟುಗಳು ಇಲ್ಲಿವೆ. ಇವು ರೇಡಿಯಲ್ ಗೇಟುಗಳು, ಅಂದರೆ ಪ್ರತಿಯೊಂದರ ಮುಖವೂ ದೊಡ್ಡ ವೃತ್ತದ ಒಂದು ತುಂಡಿನಂತೆ ಬಾಗಿದ್ದು, ಅದರ ಉಕ್ಕಿನ ತೋಳುಗಳು ಆ ವೃತ್ತದ ಕೇಂದ್ರದಲ್ಲಿರುವ ಅಚ್ಚಿಗೆ ಜೋಡಿಸಲ್ಪಟ್ಟಿವೆ. ಬಾಗಿದ ಮುಖದ ಮೇಲೆ ನೀರು ಎಷ್ಟೇ ಬಲವಾಗಿ ಒತ್ತಿದರೂ ಆ ಒತ್ತಡವೆಲ್ಲ ನೇರವಾಗಿ ಅಚ್ಚಿಗೆ ಹೋಗಿ ಕಂಬಗಳಿಗೆ ಇಳಿಯುವುದರಿಂದ, ಗೇಟನ್ನು ಎತ್ತಲು ಅದರ ತೂಕ ಮತ್ತು ಅಂಚಿನ ಘರ್ಷಣೆಯನ್ನು ಮೀರುವಷ್ಟು ಬಲ ಸಾಕಾಗುತ್ತದೆ. ಬಿಳಿ ನೊರೆಯ ಸಾಲನ್ನು ನೋಡಿ ಹಿಗ್ಗುವ ಪ್ರವಾಸಿಗನಿಗೆ ಈ ಸರಳ ಜಾಣ್ಮೆ ತಿಳಿದರೆ ಅವನ ಹಿಗ್ಗು ಇಮ್ಮಡಿಸುತ್ತದೆ.

519.60 ಮೀಟರ್ ಎಂಬ ಅಂಕಿಗೂ ಒಂದು ಇತಿಹಾಸವಿದೆ. ಕೃಷ್ಣೆಯ ನೀರು ಮಹಾರಾಷ್ಟ್ರ, ಕರ್ನಾಟಕ ಮತ್ತು ಆಗಿನ ಆಂಧ್ರಪ್ರದೇಶಗಳಿಗೆ ಸೇರಿದ್ದರಿಂದ ಹಂಚಿಕೆಯನ್ನು ನ್ಯಾಯಮಂಡಳಿ, ಅಂದರೆ ಅಂತರರಾಜ್ಯ ಜಲವಿವಾದಗಳಿಗಾಗಿಯೇ ಕೇಂದ್ರ ಸರ್ಕಾರ ನೇಮಿಸುವ ವಿಶೇಷ ನ್ಯಾಯಪೀಠ, ನಿರ್ಧರಿಸಬೇಕಾಯಿತು. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಮೊದಲ ತೀರ್ಪಿತ್ತಿತು. ಆಲಮಟ್ಟಿಯ ಎತ್ತರದ ವಿವಾದದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ 519.60 ಮೀಟರಿಗೆ ಮಿತಿ ಹಾಕಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರ ತೀರ್ಪಿನಲ್ಲಿ ಅದನ್ನು 524.256 ಮೀಟರಿಗೆ ಏರಿಸಲು ಅನುಮತಿಸಿತು. ಐದು ಮೀಟರಿಗೂ ಕಡಿಮೆಯಾದ ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಂಡರೂ, ಸಪಾಟಾದ ಎರೆನಾಡಿನಲ್ಲಿ ನೀರು ಒಂದು ಮೀಟರ್ ಏರಿದರೆ ಅದು ಅಡ್ಡಗಲಕ್ಕೆ ಎಷ್ಟೋ ಹೊಲಗಳನ್ನು ದಾಟಿ ಹರಡುತ್ತದೆ.

ಕೃಷ್ಣೆಗೆ ಕಟ್ಟಿದ ಒಡ್ಡು ಘಟಪ್ರಭೆಯ ದಂಡೆಯ ಬಾಗಲಕೋಟೆಯನ್ನು ಮುಳುಗಿಸಿದ್ದೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಮುಖ್ಯ ನದಿಯಲ್ಲಿ ನಿಂತ ನೀರು ಉಪನದಿಯ ಹರಿವನ್ನೂ ತಡೆದು ಅದರ ಕಣಿವೆಯೊಳಕ್ಕೆ ಹಿಮ್ಮರಳುತ್ತದೆ. ಹಿನ್ನೀರು ಎಂಬ ಪದದ ಅರ್ಥವೇ ಇದು. ಹೀಗೆ ಹಳೆಯ ಬಾಗಲಕೋಟೆಯ ಒಂದು ಭಾಗ ನೀರಿಗೆ ಹೋಗಿ, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ ನವನಗರ ಎದ್ದಿತು, ಮತ್ತು ಜನರ ಮಾತಿನಲ್ಲಿ ಬಾಗಲಕೋಟೆಗೆ ಮುಳುಗಡೆ ನಗರಿ ಎಂಬ ಹೆಸರೇ ನಿಂತಿತು. ಆಲಮಟ್ಟಿ ಮತ್ತು ನಾರಾಯಣಪುರ ಎರಡೂ ಜಲಾಶಯಗಳಿಂದ ಮುಳುಗಡೆಗೆ ಒಳಗಾದ ಹಳ್ಳಿಗಳು ನೂರೈವತ್ತಕ್ಕೂ ಹೆಚ್ಚು. ಈ ಭಾಗದ ಹಳ್ಳಿಯ ಮನೆ ಎಂದರೆ ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ, ಮತ್ತು ಅಂಗಳದಲ್ಲಿ ಜೋಳ ತುಂಬಿಡುವ ನೆಲದಡಿಯ ಹಗೇವು. ಊರು ಬಿಡುವಾಗ ತೊಲೆಯನ್ನು ಕಳಚಿ ಒಯ್ಯಬಹುದು, ಕೆತ್ತನೆಯ ಬಾಗಿಲನ್ನು ಚಕ್ಕಡಿಯಲ್ಲಿ ಹೇರಬಹುದು. ಹಗೇವನ್ನು ಒಯ್ಯಲಾಗದು, ಊರ ಮುಂದಿನ ಕಟ್ಟೆಯನ್ನು ಒಯ್ಯಲಾಗದು, ಹಿರಿಯರ ಸಮಾಧಿಗಳನ್ನು ಒಯ್ಯಲಾಗದು. ಪುನರ್ವಸತಿ ಕೇಂದ್ರಗಳಲ್ಲಿ ಹಳೆಯ ಊರಿನ ಹೆಸರನ್ನೇ ಹೊಸ ನಿವೇಶನಗಳಿಗೆ ಇಟ್ಟುಕೊಂಡಿರುವುದು, ಒಯ್ಯಬಹುದಾದ ಕೊನೆಯ ವಸ್ತು ಹೆಸರೊಂದೇ ಆಗಿದ್ದರಿಂದ. ಅದೂ ಅಲ್ಲದೆ, ಭೂಮಿ ಕಳೆದುಕೊಂಡವರು ಹೆಚ್ಚಾಗಿ ಮೇಲಿನ ಸೀಮೆಯವರು, ನಾರಾಯಣಪುರದ ಕಾಲುವೆಗಳ ನೀರು ಹೆಚ್ಚಾಗಿ ಹರಿದದ್ದು ಕೆಳಗಿನ ಜಿಲ್ಲೆಗಳ ಹೊಲಗಳಿಗೆ. ಆ ಹಸಿರಿನ ಹಿಂದೆ ಈ ತ್ಯಾಗವಿದೆ ಎಂಬುದನ್ನು ನಾಡು ಮರೆಯಬಾರದು.

ಮುಳುಗಡೆಯ ನಡುವೆಯೂ ಒಂದು ನೆನಪನ್ನು ಹೇಗೆ ಕಾಪಾಡಬಹುದೆಂಬುದಕ್ಕೆ ಸಮೀಪದಲ್ಲಿಯೇ ಮಾದರಿಯಿದೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಐಕ್ಯರಾದ ಕೂಡಲಸಂಗಮವು ನಾರಾಯಣಪುರದ ಹಿನ್ನೀರಿಗೆ ಸಿಕ್ಕಾಗ, ಐಕ್ಯಸ್ಥಳದ ಸುತ್ತ ಬಾವಿಯಂಥ ಎತ್ತರದ ಕಾಂಕ್ರೀಟ್ ಗೋಡೆಯನ್ನು ಕಟ್ಟಲಾಯಿತು. ಸುತ್ತಲೂ ನೀರು ನಿಂತಿರುವಾಗ ಭಕ್ತರು ಮೆಟ್ಟಿಲಿಳಿದು ನದಿಯ ಮಟ್ಟಕ್ಕಿಂತ ಕೆಳಗಿರುವ ಆ ಜಾಗವನ್ನು ಮುಟ್ಟುತ್ತಾರೆ. ಪ್ರತಿ ಹಳ್ಳಿಗೂ ಇಂಥ ಗೋಡೆ ಕಟ್ಟಲು ಸಾಧ್ಯವಿರಲಿಲ್ಲ, ನಿಜ. ಆದರೆ ಪ್ರತಿ ಹಳ್ಳಿಯ ಹೆಸರನ್ನು ಒಂದು ಕಲ್ಲಿನ ಮೇಲೆ ಕೊರೆಯಲು ಸಾಧ್ಯವಿದೆ.

ಆಲಮಟ್ಟಿಗೆ ಸೇರಿದ ಮತ್ತೊಂದು ನೆನಪು ಹರ್ಡೇಕರ ಮಂಜಪ್ಪನವರದು. 1886ರಲ್ಲಿ ಬನವಾಸಿಯಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ಧನುರ್ಧಾರಿ ಪತ್ರಿಕೆಯನ್ನು ನಡೆಸಿ, 1913ರಲ್ಲಿ ಅಲ್ಲಿಯೇ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದ ಅವರನ್ನು ಜನ ಕರ್ನಾಟಕದ ಗಾಂಧಿ ಎಂದು ಕರೆದರು. ಖಾದಿ, ಸರಳ ಜೀವನ ಮತ್ತು ಶ್ರಮದ ಶಿಕ್ಷಣವನ್ನು ನಂಬಿದ ಮಂಜಪ್ಪನವರು ತಮ್ಮ ಆಶ್ರಮ ಮತ್ತು ವಿದ್ಯಾಲಯಕ್ಕೆ ಆರಿಸಿಕೊಂಡದ್ದು ಕೃಷ್ಣೆಯ ದಂಡೆಯ ಈ ಪುಟ್ಟ ಊರನ್ನು. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮೊದಲು, ಅವರು ಕಾಲವಾದರು. ಅಣೆಕಟ್ಟೆಯನ್ನು ನೋಡಲು ಬಂದವರು ಅವರ ಸ್ಮಾರಕದ ಬಳಿಯೂ ಒಂದು ಗಳಿಗೆ ನಿಲ್ಲಬೇಕು. ಹಾಗೆಯೇ ನಿಡಗುಂದಿ ತಾಲ್ಲೂಕಿನ ಯಲಗೂರಿನಲ್ಲಿ, ಏಳೂರಿನ ದೇವರೆಂದು ಜನ ಪ್ರೀತಿಯಿಂದ ವಿವರಿಸುವ ಯಲಗೂರೇಶ ಆಂಜನೇಯನ ಗುಡಿಯಿದೆ. ನದಿಯ ದಂಡೆಯ ಬದುಕು ಹಳ್ಳಿಗಳ ಒಕ್ಕೂಟವಾಗಿ ನಡೆದಿತ್ತೆಂಬ ಭಾವ ಆ ವಿವರಣೆಯಲ್ಲಿಯೇ ಅಡಗಿದೆ.

ಅಣೆಕಟ್ಟೆಯ ಪಕ್ಕದಲ್ಲಿ ಉದ್ಯಾನ ಕಟ್ಟುವ ರೂಢಿಗೆ ಕರ್ನಾಟಕದಲ್ಲಿ ಹಿರಿಯ ಮಾದರಿ ಕನ್ನಂಬಾಡಿಯ ಬೃಂದಾವನ. ಕಾಶ್ಮೀರದ ಶಾಲಿಮಾರ್ ತೋಟದ ಸ್ಫೂರ್ತಿಯಿಂದ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಅದು ರೂಪುಗೊಂಡಿತು. ಆಲಮಟ್ಟಿಯ ಮೊಘಲ್ ಉದ್ಯಾನ ಅದೇ ವಂಶದ್ದು: ನೇರ ಕಾಲುವೆ, ಅದರ ಎರಡೂ ಬದಿಗೆ ಅಳತೆಯಿಟ್ಟ ಹಾದಿ ಮತ್ತು ಹೂವಿನ ಪಾತಿ. ರಾಕ್ ಗಾರ್ಡನ್ ಮಾತ್ರ ಈ ನೆಲದ ಸ್ವಭಾವಕ್ಕೆ ಹತ್ತಿರವಾದದ್ದು. ಕಲ್ಲುಗುಡ್ಡದ ಏರಿಳಿತವನ್ನೇ ಬಳಸಿಕೊಂಡು ಅಲ್ಲಿ ಹಳ್ಳಿಗರ ಕಸುಬುಗಳು, ಬುಡಕಟ್ಟು ಜನರ ಬದುಕು, ಕಾಡುಪ್ರಾಣಿಗಳು ಮತ್ತು ಜಲಚರಗಳನ್ನು ಆಳೆತ್ತರದ ಪ್ರತಿಮೆಗಳಲ್ಲಿ ತೋರಿಸಲಾಗಿದೆ. ರಾಜ್ಯದಲ್ಲಿಯೇ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಒಂದಾದ ವಿಜಯಪುರದಲ್ಲಿ, ಕೃಷ್ಣಾ ಭಾಗ್ಯ ಜಲ ನಿಗಮದ ಅರಣ್ಯ ವಿಭಾಗವು ಇಲ್ಲಿ ಸಸಿಗಳನ್ನು ಬೆಳೆಸಿ ನೆಟ್ಟು ಮಡ್ಡಿಯನ್ನು, ಅಂದರೆ ಮಣ್ಣು ತೆಳುವಾದ ಕಲ್ಲುನೆಲವನ್ನು, ನೆರಳಾಗಿಸಿರುವುದು ಸಣ್ಣ ಸಾಧನೆಯಲ್ಲ.

ನೀರು ಬಂದ ಮೇಲೆ ಬಂದವು ಹಕ್ಕಿಗಳು. ಚಳಿಗಾಲ ಕಾಲಿಟ್ಟು ಹಿನ್ನೀರು ಇಳಿಯತೊಡಗಿದಂತೆ ಅಂಚಿನಲ್ಲಿ ಮೊಣಕಾಲುದ್ದದ ನೀರು ಮತ್ತು ಮೆತ್ತನೆಯ ಕೆಸರಿನ ಬಯಲು ಕಾಣಿಸಿಕೊಳ್ಳುತ್ತದೆ. ಟಿಬೆಟ್ಟಿನ ಸರೋವರಗಳಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು, ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬರುವ ಕರ್ಕರ ಕೊಕ್ಕರೆಗಳು, ಮತ್ತು ಜನ ರಾಜಹಂಸವೆಂದು ಕರೆಯುವ ಫ್ಲೆಮಿಂಗೊಗಳು ಅಲ್ಲಿ ಸೇರುತ್ತವೆ. ಫ್ಲೆಮಿಂಗೊ ಉಣ್ಣುವ ಬಗೆ ನೋಡತಕ್ಕದ್ದು. ಅದು ಉದ್ದ ಕುತ್ತಿಗೆಯನ್ನು ಇಳಿಸಿ ತಲೆಯನ್ನು ಪೂರ್ತಿ ತಲೆಕೆಳಗು ಮಾಡಿ, ಬಾಗಿದ ಕೊಕ್ಕನ್ನು ನೀರಿನಲ್ಲಿಟ್ಟು ನಾಲಿಗೆಯನ್ನು ಪಂಪಿನಂತೆ ಹಿಂದೆ ಮುಂದೆ ಆಡಿಸುತ್ತದೆ. ಕೊಕ್ಕಿನ ಅಂಚಿನ ಜರಡಿಯಂಥ ಹಲ್ಲುಗಳು ಕೆಸರುನೀರನ್ನು ಹೊರಗೆ ಬಿಟ್ಟು ಸೂಕ್ಷ್ಮ ಪಾಚಿಯನ್ನೂ ಕಿರುಜೀವಿಗಳನ್ನೂ ಒಳಗೆ ಹಿಡಿದಿಡುತ್ತವೆ. ಅದರ ರೆಕ್ಕೆಯ ಕೆಂಬಣ್ಣವೂ ಈ ಆಹಾರದಿಂದಲೇ ಬಂದದ್ದು. ನೀರು ತೀರ ತುಂಬಿದ್ದರೆ ಈ ಕೆಸರುಬಯಲು ಇರುವುದಿಲ್ಲ, ನೆಲ ಪೂರ್ತಿ ಒಣಗಿದರೂ ಇರುವುದಿಲ್ಲ. ಆದ್ದರಿಂದ ಈ ಹಕ್ಕಿಗಳ ಇರವು ಜಲಾಶಯದ ನೀರನ್ನು ಎಷ್ಟು ನಿಧಾನವಾಗಿ ಇಳಿಸಲಾಗುತ್ತದೆಂಬುದನ್ನು ಅವಲಂಬಿಸಿದೆ.

ಹೀಗಾಗಿ ಆಲಮಟ್ಟಿಯನ್ನು ವರ್ಷಕ್ಕೆ ಎರಡು ಸಲ ನೋಡಬೇಕು. ಆಗಸ್ಟಿನಲ್ಲಿ ಬಂದವರಿಗೆ ತುಂಬಿದ ಜಲಾಶಯವೂ ತೆರೆದ ಗೇಟುಗಳೂ ಕಾಣುತ್ತವೆ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಬಂದವರಿಗೆ ಇಳಿದ ಹಿನ್ನೀರಿನ ಅಂಚು, ಹಕ್ಕಿಗಳು ಮತ್ತು ನೀರಿನಿಂದ ಹೊರಬಂದ ಹಳೆಯ ಗೋಡೆಗಳ ತುದಿಗಳು ಕಾಣುತ್ತವೆ. ಹಕ್ಕಿಗಳ ಸಮೀಪಕ್ಕೆ ನಡೆದು ಅವುಗಳನ್ನು ಎಬ್ಬಿಸದೆ ದೂರದಿಂದಲೇ ನೋಡುವುದು, ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ನೀರಿಗೆ ಇಳಿಯದಿರುವುದು, ಬುತ್ತಿಯ ಪ್ಲಾಸ್ಟಿಕ್ ಚೀಲವನ್ನು ದಂಡೆಯಲ್ಲಿ ಬಿಡದಿರುವುದು, ಇವಿಷ್ಟು ಪ್ರವಾಸಿಗರ ಕರ್ತವ್ಯ.

ಉದ್ಯಾನದ ಹೊಣೆ ಹೊತ್ತವರ ಕರ್ತವ್ಯವೂ ಇದೆ. ರಾಕ್ ಗಾರ್ಡನ್ನಿನ ಹಾದಿಯಲ್ಲಿ ಬಸಾಲ್ಟ್, ಅಲೆಗುರುತಿನ ಮರಳುಗಲ್ಲು ಮತ್ತು ಗ್ರಾನೈಟಿನ ಒಂದೊಂದು ಬಂಡೆಯನ್ನು ಹೆಸರು, ವಯಸ್ಸುಗಳೊಂದಿಗೆ ನಿಲ್ಲಿಸಲು, ಹಿನ್ನೀರಿನ ಎದುರಿಗೆ ಹಕ್ಕಿಗಳ ಚಿತ್ರಫಲಕವನ್ನಿಡಲು, ಹಳೆಯ ಮಾಳಿಗೆ ಮನೆಯೊಂದನ್ನು ಅದರ ಹಗೇವು ಸಮೇತ ಮರುಕಟ್ಟಿ ತೋರಿಸಲು ದೊಡ್ಡ ವೆಚ್ಚವೇನೂ ಬೇಕಿಲ್ಲ. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಮುಳುಗಿದ ಊರುಗಳ ಹೆಸರುಗಳ ಸಾಲು. ಪುನರ್ವಸತಿ ಕೇಂದ್ರದ ಶಾಲೆಯಿಂದ ಪ್ರವಾಸಕ್ಕೆ ಬಂದ ಮಗುವೊಂದು ಆ ಕಲ್ಲಿನ ಮೇಲೆ ಬೆರಳಾಡಿಸುತ್ತ ಹೋಗಿ ತನ್ನ ಅಜ್ಜನ ಊರಿನ ಹೆಸರನ್ನು ಹುಡುಕಿ ಓದಿ, ತಲೆಯೆತ್ತಿ ನೀರಿನ ಕಡೆಗೆ ನೋಡಿ, ಆ ಊರು ಯಾವ ದಿಕ್ಕಿಗಿತ್ತೆಂದು ಗುರುಗಳನ್ನು ಕೇಳುವಂತಾಗಬೇಕು.